ದತ್ತು ಮಗಳು ಅಮೆರಿಕ ಸೇರಿದಳು, ಪೌರತ್ವದ ಪತ್ರ ಬಂದಿಲ್ಲ. ಈಗೇನು ಮಾಡಬೇಕು?

ಪ್ರಶ್ನೆ: ನಾವು ಕೋಲಾರದವರು. ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅವನಿಗೆ ಅಮೆರಿಕದ ಪೌರತ್ವ ಸಿಕ್ಕಿದೆ, ಅವನ ಹೆಂಡತಿಗೆ ಇನ್ನೂ ಗ್ರೀನ್ ಕಾರ್ಡೇ. ಮಕ್ಕಳಾಗಲಿಲ್ಲ ಅಂತ ಕಾರಾ (ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ ಅರ್ಜಿ ಹಾಕಿ, ನಮ್ಮ ರಾಜ್ಯದ್ದೇ ಒಂದು ದತ್ತು ಕೇಂದ್ರದಿಂದ ನಾಲ್ಕು ವರ್ಷದ ಹೆಣ್ಣುಮಗುವನ್ನು ತಗೊಂಡರು. ಜಿಲ್ಲಾಧಿಕಾರಿಗಳ ಆದೇಶ ಆಯಿತು, ಇಂಡಿಯನ್ ಪಾಸ್‌ಪೋರ್ಟ್ ಆಯಿತು, ವೀಸಾ ಬಂತು, ಕರೆದುಕೊಂಡು ಹೋದರು. ಐದು ತಿಂಗಳಾಯಿತು. ಮಗುವಿಗೆ ಗ್ರೀನ್ ಕಾರ್ಡೂ ಬಂದಿಲ್ಲ, ಪೌರತ್ವದ ಪತ್ರವೂ ಬಂದಿಲ್ಲ. ಅದಕ್ಕೆ ಬೇರೆ ಅರ್ಜಿ ಹಾಕಬೇಕಾ? ಯುಗಾದಿಗೆ ಊರಿಗೆ ಬರುವಾಗ ಅವಳ ಇಂಡಿಯನ್ ಪಾಸ್‌ಪೋರ್ಟಿನಲ್ಲೇ ಬರಬಹುದಾ? ಇನ್ನೊಂದು ವಿಷಯ. ಮುಳಬಾಗಿಲಿನಲ್ಲಿರುವ ನನ್ನ ತಂಗಿ ತನ್ನ ಮೂರನೇ ಮಗನನ್ನು ಡಲ್ಲಾಸ್‌ನಲ್ಲಿರುವ ನಮ್ಮ ಕೊನೇ ತಂಗಿಗೆ ದತ್ತು ಕೊಡಬೇಕು ಅಂತಿದ್ದಾಳೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದತ್ತು ಪತ್ರ ಮಾಡಿಸಿದರೆ ಸಾಕು, ಮಿಕ್ಕಿದ್ದು ಅಲ್ಲಿ ಹೋಗಿ ನೋಡಿಕೊಳ್ಳಬಹುದು ಅಂತ ಒಬ್ಬರು ಹೇಳಿದ್ದಾರೆ. ನಿಜವಾ? ಅಲ್ಲಿನ ಪ್ರಜೆಗಳಾದರೆ ನಮ್ಮ ಜಮೀನಿನಲ್ಲಿ ಈ ಮಕ್ಕಳಿಗೆ ಪಾಲು ಇರುತ್ತಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತಮ್ಮನ ಮಗಳು ಈಗಾಗಲೇ ಅಮೆರಿಕದ ಪ್ರಜೆ ಆಗಿರುವ ಸಾಧ್ಯತೆಯೇ ಜಾಸ್ತಿ. ಅವಳು ವಿಮಾನ ಇಳಿದು, ಅಲ್ಲಿನ ಅಧಿಕಾರಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ ದಿನವೇ ಪೌರತ್ವ ಬಂದಿರುತ್ತದೆ. ಬಾಕಿ ಉಳಿದಿರುವುದು ಅದನ್ನು ತೋರಿಸುವ ಪತ್ರ ಅಷ್ಟೇ. ಪೌರತ್ವ ಬೇರೆ, ಅದರ ಪುರಾವೆ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಗಾಬರಿಯಾಗಿ, ಏಜೆಂಟರ ಮಾತು ಕೇಳಿ ಬೇಡದ ಅರ್ಜಿ ಹಾಕುವವರು ತುಂಬಾ ಜನ. ಆದರೆ ನಿಮ್ಮ ಮುಳಬಾಗಿಲಿನ ತಂಗಿಯ ವಿಷಯದಲ್ಲಿ ನನಗೆ ನಿಜವಾಗಿಯೂ ಆತಂಕವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಅವರು ಯಾವ ಪತ್ರಕ್ಕೂ ಸಹಿ ಹಾಕದಿರಲಿ.

ಮಕ್ಕಳ ಪೌರತ್ವಕ್ಕೆ ಅಂತಲೇ ಅಮೆರಿಕದಲ್ಲಿ ಒಂದು ಕಾಯ್ದೆ ಇದೆ. 2000ದಲ್ಲಿ ಆದದ್ದು, 2001ರ ಫೆಬ್ರುವರಿ 27ರಿಂದ ಜಾರಿಯಲ್ಲಿದೆ. ಮಗುವಿಗೆ 18 ತುಂಬಿರಬಾರದು. ತಂದೆ ತಾಯಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆ ಆಗಿರಬೇಕು. ಮಗು ಕಾಯಂ ವಾಸದ ವೀಸಾದ ಮೇಲೆ ಒಳಗೆ ಬಂದು, ಪ್ರಜೆಯಾದ ಆ ಪೋಷಕರ ಸುಪರ್ದಿಯಲ್ಲಿ ಅಲ್ಲೇ ವಾಸ ಮಾಡುತ್ತಿರಬೇಕು. ದತ್ತು ಕಾನೂನಿನ ಪ್ರಕಾರ ಪೂರ್ತಿ ಮುಗಿದಿರಬೇಕು. ಇಷ್ಟೂ ಸೇರಿದ ದಿನ ಪೌರತ್ವ ತಾನಾಗಿ ಬರುತ್ತದೆ. ಯಾರೂ ಅರ್ಜಿ ಹಾಕಬೇಕಿಲ್ಲ, ಯಾರೂ ಮಂಜೂರು ಮಾಡಬೇಕಿಲ್ಲ. ನಿಮ್ಮ ತಮ್ಮ ಪ್ರಜೆ, ಅಷ್ಟು ಸಾಕು. ಹೆಂಡತಿಗೆ ಇನ್ನೂ ಗ್ರೀನ್ ಕಾರ್ಡೇ ಇರುವುದು ಇದಕ್ಕೆ ಅಡ್ಡ ಬರುವುದಿಲ್ಲ.

ಈಗ ಅವರಿಗೆ ಫೋನ್ ಮಾಡಿ, ಮಗುವಿನ ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿರುವ ಪುಟದ ಫೋಟೊ ಕಳಿಸಲು ಹೇಳಿ. ಅದರಲ್ಲಿ ವೀಸಾದ ವರ್ಗ ಬರೆದಿರುತ್ತದೆ. ಐಎಚ್-3 ಅಂತ ಇದ್ದರೆ ದತ್ತು ಭಾರತದಲ್ಲೇ ಪೂರ್ತಿಯಾಗಿದೆ ಎಂದರ್ಥ. ಐಎಚ್-4 ಅಂತ ಇದ್ದರೆ ದತ್ತು ಅಲ್ಲಿ ಹೋಗಿ ಮುಗಿಸಬೇಕಾದದ್ದು. ಅಂಥ ಮಗುವಿಗೆ ಮೊದಲು ಗ್ರೀನ್ ಕಾರ್ಡ್ ಬರುತ್ತದೆ, ಅಲ್ಲಿನ ಕೋರ್ಟಿನಲ್ಲಿ ದತ್ತು ಮುಗಿದ ಮೇಲೆ ಪೌರತ್ವ. ನಿಮ್ಮ ಪ್ರಕರಣದಲ್ಲಿ ಜಿಲ್ಲಾಧಿಕಾರಿಗಳ ದತ್ತು ಆದೇಶ ಇಲ್ಲೇ ಆಗಿರುವುದರಿಂದ ಐಎಚ್-3 ಇರಲೇಬೇಕು. ಮೊದಲು ಈ ಆದೇಶ ಕೋರ್ಟಿನಿಂದ ಬರುತ್ತಿತ್ತು. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ.

ಗ್ರೀನ್ ಕಾರ್ಡ್ ಬಂದಿಲ್ಲ ಅಂತ ಬರೆದಿದ್ದೀರಿ. ಐಎಚ್-3 ಆಗಿದ್ದರೆ ಅದು ಬರುವುದೇ ಇಲ್ಲ. ಒಳಗೆ ಕಾಲಿಟ್ಟ ದಿನವೇ ಪ್ರಜೆಯಾದ ಮಗುವಿಗೆ ಕಾಯಂ ವಾಸಿಯ ಕಾರ್ಡು ಯಾಕೆ ಅಲ್ವಾ? ಅದರ ಬದಲು ಯುಎಸ್‌ಸಿಐಎಸ್ ಅನ್ನುವ ವಲಸೆ ಇಲಾಖೆ ನೇರವಾಗಿ ಪೌರತ್ವ ಪ್ರಮಾಣಪತ್ರವನ್ನೇ ಅಂಚೆಯಲ್ಲಿ ಕಳಿಸುತ್ತದೆ. ಇಷ್ಟು ಚಿಕ್ಕ ಮಗುವಿಗೆ ಅರ್ಜಿ ಇಲ್ಲ, ಫೀಸು ಇಲ್ಲ. ಸಾಮಾನ್ಯವಾಗಿ ಎರಡು ತಿಂಗಳೊಳಗೆ ಕೈ ಸೇರಬೇಕು. ಐದು ತಿಂಗಳು ಅಂದರೆ ತಡವೇ. ಹಾಗಾಗಿ ಇನ್ನು ಸುಮ್ನೆ ಕಾಯಬೇಡಿ.

ವೀಸಾ ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೇ ಆ ಪತ್ರ ಹೋಗುತ್ತದೆ. ಮಗು ಬರುತ್ತಾಳೆ ಅಂತ ದೊಡ್ಡ ಮನೆಗೆ ಹೋಗುವವರು, ಒಳ್ಳೇ ಶಾಲೆ ಇರುವ ಊರಿಗೆ ಬದಲಾಗುವವರು ಬಹಳ. ಪತ್ರ ಹಳೇ ಮನೆಯ ಬಾಗಿಲಿಗೆ ಹೋಗಿರುತ್ತದೆ. ನಿಮ್ಮ ತಮ್ಮ ಮನೆ ಬದಲಿಸಿದ್ದಾರಾ ಅಂತ ಕೇಳಿ. ಬದಲಿಸಿರಲಿ, ಬಿಡಲಿ, ಯುಎಸ್‌ಸಿಐಎಸ್‌ನ ಸಹಾಯ ಕೇಂದ್ರಕ್ಕೆ ಕರೆ ಮಾಡಿ ಐಎಚ್-3 ಮಗುವಿನ ಪ್ರಮಾಣಪತ್ರ ಬಂದಿಲ್ಲ ಅಂತ ದೂರು ದಾಖಲಿಸಬೇಕು. ಮಗುವಿನ ಏ-ನಂಬರ್ (ವಲಸೆ ಇಲಾಖೆ ಅವಳಿಗೆ ಕೊಟ್ಟಿರುವ ನಂಬರ್), ಒಳಗೆ ಬಂದ ದಿನಾಂಕ, ವೀಸಾ ಪುಟದ ಪ್ರತಿ ಕೈಯಲ್ಲಿರಲಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಲಿ. ಅವರು ದತ್ತು ಪಡೆದದ್ದು ಅಲ್ಲಿನ ಒಂದು ಏಜೆನ್ಸಿಯ ಮೂಲಕ ತಾನೇ? ಆ ಏಜೆನ್ಸಿಯವರಿಗೂ ತಿಳಿಸಲಿ. ಅವರಿಗೆ ಇದು ದಿನನಿತ್ಯದ ಕೆಲಸ.

ಎನ್-600 ಅನ್ನುವ ಅರ್ಜಿಯ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಪೌರತ್ವ ಪ್ರಮಾಣಪತ್ರ ಕೇಳಿ ಹಾಕುವ ಅರ್ಜಿ ಅದು. ಐಎಚ್-4ರಲ್ಲಿ ಹೋದ ಮಕ್ಕಳಿಗೆ ಅದು ಬೇಕು. ಐಎಚ್-3 ಮಗುವಿಗೆ ಮೊದಲ ಹೆಜ್ಜೆಯಲ್ಲೇ ಅದನ್ನು ಹಾಕುವ ಅಗತ್ಯವಿಲ್ಲ. ಬಂದ ಪ್ರಮಾಣಪತ್ರ ಕಳೆದುಹೋದರೆ ಅಥವಾ ಅದರಲ್ಲಿ ತಪ್ಪಿದ್ದರೆ ಹಾಕುವುದು ಎನ್-565. ಯಾರಾದರೂ ಇಷ್ಟು ಡಾಲರ್ ಕಟ್ಟಿ ಅಂದರೆ ಇಲಾಖೆಯ ವೆಬ್‌ಸೈಟಿನಲ್ಲಿ ಆ ದಿನದ ಶುಲ್ಕದ ಪಟ್ಟಿ ನೋಡಿಯೇ ಕಟ್ಟಲಿ. ದತ್ತು ಮಕ್ಕಳ ಶುಲ್ಕದ ನಿಯಮಗಳು ಈಚೆಗೆ ಬದಲಾಗಿವೆ, ಹಳೇ ಲೆಕ್ಕ ಹೇಳುವವರು ಇನ್ನೂ ಇದ್ದಾರೆ.

ಹೇಗೂ ಪ್ರಜೆ ಆಗಿದ್ದಾಳಲ್ಲ, ಪಾಸ್‌ಪೋರ್ಟ್ ಒಂದು ಮಾಡಿಸಿದರೆ ಆಯಿತು, ಪ್ರಮಾಣಪತ್ರ ಯಾಕೆ ಅಂತ ನಿಮ್ಮ ತಮ್ಮ ಕೇಳಬಹುದು. ಬೇಕು. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ಪ್ರಮಾಣಪತ್ರಕ್ಕೆ ಕೊನೆಯ ದಿನ ಇಲ್ಲ. ಇದಕ್ಕೆ ಹಿನ್ನೆಲೆಯೂ ಇದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಇಲ್ಲಿಂದ ಎಷ್ಟೋ ಮಕ್ಕಳು ವಿದೇಶಕ್ಕೆ ಹೋದರು. ಆಗ ವಿದೇಶಿ ದಂಪತಿ ಇಲ್ಲಿ ದತ್ತು ಪಡೆಯುವಂತೆಯೇ ಇರಲಿಲ್ಲ. 1890ರ ಪಾಲಕತ್ವ ಕಾಯ್ದೆಯಲ್ಲಿ ಬರೀ ಪಾಲಕರಾಗಿ ಮಗುವನ್ನು ಕರೆದುಕೊಂಡು ಹೋಗಿ, ಅಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ನಡೆಯುತ್ತಿದ್ದ ಅವ್ಯವಹಾರ ನೋಡಿಯೇ ಸುಪ್ರೀಂ ಕೋರ್ಟ್ 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಕಟ್ಟುನಿಟ್ಟಿನ ಮಾರ್ಗಸೂಚಿ ಕೊಟ್ಟಿತು. ಹಾಗೆ ಅಮೆರಿಕಕ್ಕೆ ಹೋದ ಮಕ್ಕಳಿಗೆ ಪೌರತ್ವ ತಾನಾಗಿ ಬರುತ್ತಿರಲಿಲ್ಲ, ಪೋಷಕರು ಅರ್ಜಿ ಹಾಕಬೇಕಿತ್ತು. ಎಷ್ಟೋ ಜನ ಹಾಕಲೇ ಇಲ್ಲ. 2001ರಲ್ಲಿ ಹೊಸ ಕಾಯ್ದೆ ಬಂದಾಗ ಅಷ್ಟರಲ್ಲೇ 18 ತುಂಬಿದ್ದವರಿಗೆ ಅದು ಅನ್ವಯಿಸಲಿಲ್ಲ. ಅಂಥವರು ಅಲ್ಲೇ ಬೆಳೆದು, ಮದುವೆಯಾಗಿ, ನಡುವಯಸ್ಸಿನಲ್ಲಿ ಒಂದು ದಿನ ತಾವು ಆ ದೇಶದ ಪ್ರಜೆಗಳೇ ಅಲ್ಲ ಅಂತ ತಿಳಿದುಕೊಂಡ ಪ್ರಕರಣಗಳಿವೆ. ಗಡೀಪಾರಾದವರೂ ಇದ್ದಾರೆ. ನಿಮ್ಮ ತಮ್ಮನ ಮಗಳಿಗೆ ಆ ಭಯ ಇಲ್ಲ. ಆದರೂ ಇಪ್ಪತ್ತು ವರ್ಷದ ನಂತರ ಯಾವುದೋ ಕಚೇರಿಯಲ್ಲಿ ಯಾರೋ ಪುರಾವೆ ಕೇಳಿದಾಗ ಕೋಲಾರದ ಹಳೇ ಫೈಲು ಹುಡುಕಿಸುವ ಸ್ಥಿತಿ ಬರಬಾರದು.

ಯುಗಾದಿ ಪ್ರಯಾಣಕ್ಕೆ ಬರೋಣ. ಪ್ರಮಾಣಪತ್ರ ಬರುವ ಮೊದಲೇ ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ದತ್ತು ಆದೇಶದ ದೃಢೀಕೃತ ಪ್ರತಿ, ಐಎಚ್-3 ವೀಸಾ ಮತ್ತು ಪ್ರವೇಶದ ಮುದ್ರೆ ಇರುವ ಇಂಡಿಯನ್ ಪಾಸ್‌ಪೋರ್ಟ್, ನಿಮ್ಮ ತಮ್ಮನ ಪೌರತ್ವದ ದಾಖಲೆ, ಇವು ಬೇಕು. 16ರ ಒಳಗಿನ ಮಗುವಾದ್ದರಿಂದ ಅಪ್ಪ ಅಮ್ಮ ಇಬ್ಬರೂ ಮಗುವಿನ ಜೊತೆ ಹೋಗಬೇಕು. ಒಬ್ಬರಿಗೆ ಆಗದಿದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕೊಡಬೇಕು. ಆದೇಶ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಸರಿಯಾಗಿದೆ ಅಂತ ಅನುವಾದಕರ ಸಹಿ ಮಾಡಿದ ಹೇಳಿಕೆಯೂ ಬೇಕು.

ಇಂಡಿಯನ್ ಪಾಸ್‌ಪೋರ್ಟಿನಲ್ಲಿ ಬರಬಹುದಾ ಅಂತ ಕೇಳಿದ್ದೀರಿ. ಬೇಡ. ಅಮೆರಿಕದ ಕಾನೂನಿನಲ್ಲಿ ಅಲ್ಲಿನ ಪ್ರಜೆ ಆ ದೇಶದಿಂದ ಹೊರಡುವಾಗಲೂ, ಮರಳುವಾಗಲೂ ಅಲ್ಲಿನ ಪಾಸ್‌ಪೋರ್ಟನ್ನೇ ಬಳಸಬೇಕು. ನಮ್ಮ ಕಡೆಯಿಂದ ನೋಡಿದರೆ ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವ ಬಂದ ಮೇಲೆ ಇಂಡಿಯನ್ ಪಾಸ್‌ಪೋರ್ಟನ್ನು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ನಾಲ್ಕು ವರ್ಷದ ಮಗು ತಾನಾಗಿ ಕೇಳಿ ಪಡೆದದ್ದಲ್ಲವಲ್ಲ, ಭಾರತದ ಪೌರತ್ವ ಕಾಯ್ದೆಯ ಸೆಕ್ಷನ್ 9ರಲ್ಲಿ ಸ್ವಇಚ್ಛೆಯಿಂದ ಅಂತಿದೆಯಲ್ಲ ಅಂತ ವಕೀಲರು ವಾದ ಮಾಡಬಹುದು. ಆ ವಾದವನ್ನು ದೇವನಹಳ್ಳಿ ಏರ್‌ಪೋರ್ಟಿನ ಕೌಂಟರಿನಲ್ಲಿ, ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟ ಮಗುವನ್ನು ಎತ್ತಿಕೊಂಡು ಮಂಡಿಸುವುದು ಬೇಡ.

ಹಾಗಾಗಿ ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸುವುದು, ಆಮೇಲೆ ಓಸಿಐ ಕಾರ್ಡ್, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ವೀಸಾ ಇಲ್ಲದೆ ಬಂದುಹೋಗಲು ಭಾರತ ಕೊಡುವ ಕಾರ್ಡು. ಕೊನೆಯ ಎರಡೂ ಅರ್ಜಿ, ಭಾರತದ ರಾಯಭಾರ ಕಚೇರಿಯ ಪರವಾಗಿ ಅರ್ಜಿ ತಗೊಳ್ಳುವ, ಅಲ್ಲಿನ ವಿಎಫ್‌ಎಸ್ ಕೇಂದ್ರದ ಮೂಲಕ ಹೋಗುತ್ತವೆ. ಒಪ್ಪಿಸುವ ಮುಂಚೆ ಇಂಡಿಯನ್ ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನೂ, ಮುಖ್ಯವಾಗಿ ವೀಸಾ ಪುಟವನ್ನು, ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಲಿ. ಓಸಿಐಗೆ ಅವಳಿಗೆ ಅರ್ಹತೆ ಇದೆ. ಅವಳು ಹುಟ್ಟಿನಿಂದ ಭಾರತದ ಪ್ರಜೆಯಾಗಿದ್ದವಳು, ತಾಯಿ ಈಗಲೂ ಭಾರತದ ಪ್ರಜೆ. ಹಬ್ಬದ ಹೊತ್ತಿಗೆ ಓಸಿಐ ಬರದಿದ್ದರೆ ಅಮೆರಿಕದ ಪಾಸ್‌ಪೋರ್ಟಿಗೆ ಭಾರತದ ವೀಸಾ ಹಾಕಿಸಿಕೊಂಡು ಬರಲಿ. ಅದೂ ಆಗದಿದ್ದರೆ ಈ ಯುಗಾದಿ ಬಿಟ್ಟು ದಸರಾಕ್ಕೆ ಬರಲಿ. ಅಜ್ಜಿ ತಾತನಿಗೆ ಬೇಜಾರಾಗುತ್ತದೆ, ನಿಜ.

ಈಗ ಹೆಸರಿನ ವಿಷಯ. ನನ್ನ ಅನುಭವದಲ್ಲಿ ಕಾನೂನಿಗಿಂತ ಜಾಸ್ತಿ ತಲೆನೋವು ಕೊಡುವುದು ಇದೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಇನಿಶಿಯಲ್ ಹಾಕುತ್ತೇವೆ. ಒಂದಕ್ಷರ ಊರಿನದು, ಒಂದಕ್ಷರ ಅಪ್ಪನದು. ಅದು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ದತ್ತು ಆದೇಶದಲ್ಲಿ ‘ಸಹನಾ’ ಅಂತ ಮಾತ್ರ, ಜನನ ಪ್ರಮಾಣಪತ್ರದಲ್ಲಿ ‘ಸಹನಾ ಆರ್.’, ಪಾಸ್‌ಪೋರ್ಟಿನಲ್ಲಿ ಹೆಸರಿನ ಜಾಗದಲ್ಲಿ ‘ಸಹನಾ’, ಸರ್‌ನೇಮ್ ಜಾಗ ಖಾಲಿ. ಇಲ್ಲಿ ಯಾರೂ ಇದನ್ನು ತಪ್ಪು ಅನ್ನುವುದಿಲ್ಲ. ಅಮೆರಿಕದ ಕಂಪ್ಯೂಟರಿಗೆ ಸರ್‌ನೇಮ್ ಇಲ್ಲದ ಮನುಷ್ಯನೇ ಇಲ್ಲ. ಅದು ಇರುವ ಒಂದು ಹೆಸರನ್ನು ಸರ್‌ನೇಮಿನ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ವೀಸಾದಲ್ಲಿ ಹಾಗೆ ಬಂದದ್ದು ಮುಂದಿನ ಕಾಗದಗಳಿಗೂ ಹಬ್ಬುತ್ತದೆ. ಶಾಲೆಯಲ್ಲಿ ಟೀಚರ್ ಹಾಜರಿ ಕರೆಯುವಾಗ ಮಗುವನ್ನು ‘ಫ್ನೂ’ ಅಂತ ಕರೆದರೆ ನಗುವುದೋ ಅಳುವುದೋ ಹೇಳಿ.

ನಿಮ್ಮ ತಮ್ಮನ ಮಗಳ ವೀಸಾದಲ್ಲಿ ಹೆಸರು ಹೇಗೆ ಬಂದಿದೆ ನೋಡಿ. ಸರಿಯಾಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರಮಾಣಪತ್ರವೂ ಅದೇ ಹೆಸರಿನಲ್ಲಿ ಬರುವ ಸಾಧ್ಯತೆಯಿದೆ. ಆಗ ಅಲ್ಲಿನ ರಾಜ್ಯದ ಕೋರ್ಟಿನಲ್ಲಿ ಹೆಸರು ಬದಲಾವಣೆಯ ಆದೇಶ ಪಡೆದು, ಎನ್-565 ಮೂಲಕ ಹೊಸ ಪ್ರಮಾಣಪತ್ರ ಕೇಳಬಹುದು. ಭಾರತದ ದತ್ತನ್ನು ರಾಜ್ಯದ ಕೋರ್ಟಿನಲ್ಲಿ ಮತ್ತೊಮ್ಮೆ ದಾಖಲಿಸಿ, ಆ ರಾಜ್ಯದ ಜನನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಹಲವು ರಾಜ್ಯಗಳಲ್ಲಿದೆ. ಅದೇ ಅರ್ಜಿಯಲ್ಲಿ ಹೆಸರನ್ನೂ ಸರಿ ಮಾಡಿಸಿಕೊಳ್ಳಬಹುದಾ ಅಂತ ಅಲ್ಲಿನ ವಕೀಲರನ್ನು ಕೇಳಲಿ. ದತ್ತು ಇನ್ನೂ ನಡೆಯುತ್ತಿರುವ ಬೇರೆ ಓದುಗರು ಮಾತ್ರ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹೋಗುವ ಮುಂಚೆಯೇ ಮಗುವಿನ ಹೊಸ ಪೂರ್ತಿ ಹೆಸರನ್ನು, ಇನಿಶಿಯಲ್ ಬಿಡಿಸಿ, ಒಂದೇ ರೀತಿ ಬರೆಸಿ. ಆದೇಶದಲ್ಲಿ ಇರುವಂತೆಯೇ ಜನನ ಪ್ರಮಾಣಪತ್ರ, ಅದರಂತೆಯೇ ಪಾಸ್‌ಪೋರ್ಟ್. ಕಾಗುಣಿತದ ಒಂದು ದೀರ್ಘ ಕೂಡ ಬದಲಾಗಬಾರದು.

ಮರೆಯುವ ಮುಂಚೆ ಇನ್ನೊಂದು. ಮಗು ಅಲ್ಲಿ ತಲುಪಿದ ದಿನದಿಂದ ಎರಡು ವರ್ಷ ಅವಳ ಬೆಳವಣಿಗೆಯ ವರದಿ ಕಾರಾಗೆ ಬರಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಪೌರತ್ವ ಬಂತು, ಇನ್ನು ಭಾರತದ ಕಚೇರಿಗೂ ನಮಗೂ ಏನು ಸಂಬಂಧ ಅಂತ ಸಮಾಜ ಕಾರ್ಯಕರ್ತೆಯ ಫೋನ್ ಎತ್ತದವರಿದ್ದಾರೆ. ಹಾಗೆ ಮಾಡಬೇಡಿ ಅಂತ ಹೇಳಿ. ಒಂದು ಏಜೆನ್ಸಿಯ ವರದಿ ತಪ್ಪಿದರೆ ಅದರ ಹಿಂದೆ ಕಾದಿರುವ ದಂಪತಿಗಳಿಗೆ ತೊಂದರೆ.

ಅಮೆರಿಕದ ಪಾಸ್‌ಪೋರ್ಟ್ ಇದ್ದು, ಕೆಲಸಕ್ಕೆ ಬೆಂಗಳೂರಿನಲ್ಲೇ ನೆಲೆಸಿರುವ ದಂಪತಿಗಳೂ ಈಗ ಜಾಸ್ತಿ. ಅವರಿಗೆ ಮೇಲಿನ ದಾರಿ ಸರಿಹೊಂದುವುದಿಲ್ಲ. ತಾನಾಗಿ ಪೌರತ್ವ ಬರಲು ಮಗು ಅಮೆರಿಕದಲ್ಲಿ ವಾಸವಿರಬೇಕು. ಹೊರದೇಶದಲ್ಲೇ ಇರುವವರು ಎನ್-600ಕೆ ಅನ್ನುವ ಅರ್ಜಿ ಹಾಕಿ, ಮಗುವಿಗೆ 18 ತುಂಬುವ ಮೊದಲು ಅಲ್ಲಿಗೆ ಹೋಗಿ ಪ್ರಕ್ರಿಯೆ ಮುಗಿಸಬೇಕು. ಪ್ರಜೆಯಾದ ಪೋಷಕರು ಅಮೆರಿಕದಲ್ಲಿ ಒಟ್ಟು ಐದು ವರ್ಷ ಇದ್ದಿರಬೇಕು, ಅದರಲ್ಲಿ ಎರಡು ವರ್ಷ ಅವರಿಗೆ 14 ತುಂಬಿದ ಮೇಲಿನದಾಗಿರಬೇಕು.

ಇನ್ನು ಮುಳಬಾಗಿಲಿನ ವಿಷಯ. ನಿಮಗೆ ಸಲಹೆ ಕೊಟ್ಟವರು ಹೇಳಿದ್ದು ಅರ್ಧ ಸತ್ಯ. ಈ ವಿಷಯದಲ್ಲಿ ಅರ್ಧ ಸತ್ಯವೇ ಜಾಸ್ತಿ ಅಪಾಯ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಒಡಹುಟ್ಟಿದವರ ಮಗುವನ್ನು ದತ್ತು ತಗೊಳ್ಳಬಹುದು. ಮಗುವಿಗೆ 15 ತುಂಬಿರಬಾರದು, ತಗೊಳ್ಳುವವರಿಗೆ ಆಗಲೇ ಗಂಡುಮಗ ಇರಬಾರದು, ಕೊಡುವ ತಗೊಳ್ಳುವ ಕ್ರಿಯೆ ನಿಜವಾಗಿ ನಡೆದಿರಬೇಕು. ಪತ್ರ ರಿಜಿಸ್ಟರ್ ಆಗಿದ್ದರೆ ಕೋರ್ಟು ಆ ದತ್ತು ಸರಿಯಾಗಿ ಆಗಿದೆ ಎಂದೇ ಮೊದಲಿಗೆ ನಂಬುತ್ತದೆ. ಎಲ್ಲರೂ ಊರಲ್ಲೇ ಇರುವವರಾದರೆ ಇದು ನಡೆಯುತ್ತದೆ. ಆದರೆ ಮಗು ದೇಶ ದಾಟಬೇಕು ಅಂದ ಕೂಡಲೇ ಬೇರೆ ನಿಯಮಗಳು ಬರುತ್ತವೆ.

ದೇಶ ದಾಟುವ ದತ್ತುಗಳಿಗೆ ಹೇಗ್ ಒಪ್ಪಂದ ಅಂತ ಒಂದಿದೆ. ಭಾರತದಲ್ಲಿ ಅದು 2003ರಿಂದ, ಅಮೆರಿಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಡಲ್ಲಾಸ್‌ನ ತಂಗಿ ಅಲ್ಲಿನ ಏಜೆನ್ಸಿಯಿಂದ ಮನೆ ಅಧ್ಯಯನ ಮಾಡಿಸಿ, ಐ-800ಎ ಅರ್ಜಿಯಲ್ಲಿ ತಾವು ದತ್ತು ಪಡೆಯಲು ಯೋಗ್ಯರು ಅಂತ ಒಪ್ಪಿಗೆ ಪಡೆಯಬೇಕು. ಇಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮುಳಬಾಗಿಲಿನ ಮನೆಗೆ ಬಂದು ಕುಟುಂಬದ ವರದಿ ಮಾಡುತ್ತಾರೆ. ಅದಾದ ಮೇಲೆ ಈ ಮಗುವಿಗಾಗಿ ಐ-800 ಅರ್ಜಿ. ಅದಕ್ಕೆ ಅಮೆರಿಕದ ತಾತ್ಕಾಲಿಕ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ, ನಂತರ ಜಿಲ್ಲಾಧಿಕಾರಿಗಳ ಆದೇಶ, ಒಪ್ಪಂದದಂತೆ ನಡೆದಿದೆ ಎಂಬ ಕಾರಾದ ಪ್ರಮಾಣಪತ್ರ, ಪಾಸ್‌ಪೋರ್ಟ್, ಕೊನೆಗೆ ವೀಸಾ. ಐ-800 ಮಗುವಿಗೆ 16 ತುಂಬುವ ಮೊದಲು ಹೋಗಬೇಕು.

ಐ-800ಕ್ಕೆ ಆ ಒಪ್ಪಿಗೆ ಸಿಗುವ ಮೊದಲೇ ದತ್ತು ಮುಗಿದುಹೋಗಿದ್ದರೆ ಅಮೆರಿಕ ಆ ಅರ್ಜಿಯನ್ನು ತಳ್ಳಿಹಾಕುತ್ತದೆ. ಅಂದರೆ ಆತುರದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿದ ಪತ್ರ ಸಹಾಯ ಮಾಡುವುದಿರಲಿ, ಇರುವ ದಾರಿಯನ್ನೂ ಮುಚ್ಚಿಬಿಡುತ್ತದೆ. ಹಾಗೆ ಆದ ದತ್ತನ್ನು ಕಾನೂನಿನಂತೆ ರದ್ದು ಮಾಡಿಸಿ ಮೊದಲಿನಿಂದ ಶುರು ಮಾಡಬೇಕು. ಹಿಂದೂ ದತ್ತಕ ಕಾಯ್ದೆಯಲ್ಲಿ ಒಮ್ಮೆ ಸರಿಯಾಗಿ ಆದ ದತ್ತನ್ನು ರದ್ದು ಮಾಡುವಂತೆಯೇ ಇಲ್ಲ. ಸಿಕ್ಕಿಹಾಕಿಕೊಳ್ಳುವುದು ಅಂದರೆ ಇದೇ. ಹಿಂದೂ ದತ್ತಕ ಕಾಯ್ದೆಯ ದತ್ತುಗಳಿಗೂ ವಿದೇಶಕ್ಕೆ ಹೋಗಲು ಕಾರಾ ಮೂಲಕ ನಿರಾಕ್ಷೇಪಣಾ ಪತ್ರ ಪಡೆಯುವ ವ್ಯವಸ್ಥೆಯನ್ನು ಸರ್ಕಾರ 2021ರಲ್ಲಿ ತಂದಿದೆ, ನಿಜ. ಆದರೆ ಅದು ಭಾರತದ ಬಾಗಿಲು. ಅಮೆರಿಕದ ಬಾಗಿಲು ಅದರಿಂದ ತೆರೆಯುವುದಿಲ್ಲ.

ಎಲ್ಲ ಕ್ರಮದಲ್ಲೇ ಮಾಡಿದರೂ ಇನ್ನೊಂದು ದೊಡ್ಡ ಅಡ್ಡಿ ಇದೆ. ಹೆತ್ತ ತಂದೆ ತಾಯಿ ಇಬ್ಬರೂ ಬದುಕಿದ್ದರೆ, ಆ ಮಗುವನ್ನು ಸಾಕಲು ಅವರಿಂದ ಆಗುವುದಿಲ್ಲ ಅನ್ನುವುದು ಅಮೆರಿಕಕ್ಕೆ ಮನವರಿಕೆ ಆಗಬೇಕು. ಕಡುಬಡತನ, ಗಂಭೀರ ಕಾಯಿಲೆ, ಇಂಥದ್ದು. ಅಳತೆ ಡಲ್ಲಾಸ್‌ನದಲ್ಲ, ಮುಳಬಾಗಿಲಿನದು. ನಿಮ್ಮ ತಂಗಿಯ ಮನೆಯಲ್ಲಿ ಬೋರ್‌ವೆಲ್ ಇರುವ ತೋಟ, ಇಬ್ಬರು ಮಕ್ಕಳು ಪ್ರೈವೇಟ್ ಶಾಲೆಯಲ್ಲಿ, ಇದೆಲ್ಲ ಇದ್ದರೆ ಈ ದಾರಿಯಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ಅಕ್ಕನಿಗೆ ಮೂವರು, ತಂಗಿಗೆ ಒಬ್ಬರೂ ಇಲ್ಲ, ಪ್ರೀತಿಯಿಂದ ಕೊಡುತ್ತಿದ್ದೇವೆ ಅನ್ನುವುದು ನಮ್ಮ ಮನೆಗಳಲ್ಲಿ ದೊಡ್ಡ ಮಾತು. ಆ ಕಾನೂನಿಗೆ ಅದು ಕಾರಣವೇ ಅಲ್ಲ. ಹಾಗಂತ ಇಲ್ಲದ ಬಡತನವನ್ನು ಬರೆದುಕೊಡಲು ಯಾರಾದರೂ ಹೇಳಿದರೆ ಅವರ ಸಹವಾಸ ಬಿಡಿ. ಸುಳ್ಳು ಸಿಕ್ಕಿಬಿದ್ದರೆ ಡಲ್ಲಾಸ್‌ನ ತಂಗಿಗೂ ತೊಂದರೆ.

ಡಲ್ಲಾಸ್‌ನ ತಂಗಿ ಅಮೆರಿಕದ ಪ್ರಜೆಯೋ ಅಲ್ಲವೋ ನೀವು ಬರೆದಿಲ್ಲ. ಆಕೆಯಾಗಲಿ, ಗಂಡನಾಗಲಿ ಪ್ರಜೆ ಆಗಿರದಿದ್ದರೆ, ಬರೀ ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಅನ್ನುವ ಕೆಲಸದ ವೀಸಾ ಇದ್ದರೆ, ಐ-800 ಹಾಕಲು ಬರುವುದೇ ಇಲ್ಲ.

ಇರುವ ಇನ್ನೊಂದು ದಾರಿ ಉದ್ದವಾದದ್ದು. ದಂಪತಿ ನಿಜವಾಗಿಯೂ ಭಾರತಕ್ಕೆ ಬಂದು ನೆಲೆಸಿ, ಇಲ್ಲಿ ದತ್ತು ಪಡೆದು, ಕನಿಷ್ಠ ಎರಡು ವರ್ಷ ಮಗುವನ್ನು ತಮ್ಮ ಕಾನೂನುಬದ್ಧ ಸುಪರ್ದಿಯಲ್ಲಿ, ತಮ್ಮ ಜೊತೆಯೇ ಇಟ್ಟುಕೊಂಡು, ಆಮೇಲೆ ಐ-130 ಅನ್ನುವ ಸಾಮಾನ್ಯ ಕುಟುಂಬ ಅರ್ಜಿ ಹಾಕುವುದು. ದತ್ತು ಮಗುವಿಗೆ 16 ತುಂಬುವ ಮೊದಲು ಆಗಿರಬೇಕು. ಇಲ್ಲಿ ಹೆತ್ತವರ ಬಡತನದ ಪ್ರಶ್ನೆ ಬರುವುದಿಲ್ಲ. ಆದರೆ ದತ್ತಿನ ಹೊತ್ತಿಗೆ ಅವರ ವಾಸ ನಿಜವಾಗಿಯೂ ಭಾರತದಲ್ಲೇ ಇತ್ತು ಅಂತ ತೋರಿಸಬೇಕು, ನಾಲ್ಕು ಸಲ ರಜೆಗೆ ಬಂದು ಹೋದರೆ ಸಾಲದು. ಈ ದಾರಿ ಹಿಡಿಯುವ ಮೊದಲು ಅಮೆರಿಕದ ವಲಸೆ ಕಾನೂನು ಬಲ್ಲ ವಕೀಲರಿಗೆ ಒಂದು ಸಲ ಫೀಸು ಕೊಟ್ಟು ಕೇಳುವುದು ದಂಡವಲ್ಲ. ಈ ರೀತಿ ಹೋದ ಮಗುವಿಗೂ ಅಲ್ಲಿ ಕಾಲಿಟ್ಟಾಗ ಪೌರತ್ವ ತಾನಾಗಿ ಬರುತ್ತದೆ. ಪ್ರಮಾಣಪತ್ರ ಮಾತ್ರ ತಾನಾಗಿ ಬರುವುದಿಲ್ಲ, ಅದಕ್ಕೆ ಎನ್-600 ಹಾಕಬೇಕು.

ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲಿ ನೋಡಿಕೊಳ್ಳೋಣ ಅನ್ನುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಸರಿಯಾದ ಆದೇಶವಿಲ್ಲದೆ ಮಗುವನ್ನು ವಿದೇಶದಲ್ಲಿರುವವರ ಸುಪರ್ದಿಗೆ ಕಳಿಸುವುದು ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಳಿಸಿದವರೂ ಅದರಲ್ಲಿ ಬರುತ್ತಾರೆ, ವ್ಯವಸ್ಥೆ ಮಾಡಿಕೊಟ್ಟವರೂ ಬರುತ್ತಾರೆ. ಇನ್ನೊಂದು ಮಾತು ನಿಮ್ಮ ತಂಗಿಗೆ ನೇರವಾಗಿ ಹೇಳಬೇಕು. ಮಗ ಮುಂದೆ ದೊಡ್ಡವನಾಗಿ ಹೆತ್ತವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುತ್ತಾನೆ ಅನ್ನುವ ಆಸೆ ಮನಸ್ಸಿನ ಮೂಲೆಯಲ್ಲಿದ್ದರೆ, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ದತ್ತಿನ ಮೂಲಕ ಪೌರತ್ವ ಪಡೆದ ಮಗ ಹೆತ್ತ ತಂದೆ ತಾಯಿಗೆ ವೀಸಾ ಅರ್ಜಿ ಹಾಕಲು ಬರುವುದಿಲ್ಲ.

ಕೊನೆಗೆ ಜಮೀನು. ದತ್ತು ಮಗು ದತ್ತಿನ ದಿನದಿಂದ ದತ್ತು ತಂದೆ ತಾಯಿಯ ಮಗುವೇ. ನಿಮ್ಮ ತಮ್ಮನ ಪಾಲಿಗೆ ಅವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳಷ್ಟೇ ಹಕ್ಕುದಾರಳು. ಅಮೆರಿಕದ ಪ್ರಜೆ ಆದದ್ದರಿಂದ ಅದು ಹೋಗುವುದಿಲ್ಲ. ಓಸಿಐ ಇರುವವರು ಕೃಷಿ ಜಮೀನನ್ನು ಕೊಂಡುಕೊಳ್ಳುವಂತಿಲ್ಲ, ವಾರಸುದಾರಿಕೆಯಿಂದ ಪಡೆಯಬಹುದು. ಮುಳಬಾಗಿಲಿನ ಹುಡುಗ ದತ್ತು ಹೋದರೆ ಹೆತ್ತವರ ಆಸ್ತಿಯಲ್ಲಿ ಮುಂದೆ ವಾರಸು ಕೇಳುವಂತಿಲ್ಲ. ದತ್ತಿನ ದಿನಕ್ಕೆ ಮೊದಲೇ ಅವನದಾಗಿದ್ದ ಆಸ್ತಿ ಇದ್ದರೆ ಅದು ಮಾತ್ರ ಅವನಲ್ಲೇ ಉಳಿಯುತ್ತದೆ. ಅಪ್ಪನ ಹೆಸರಿನ ಜಮೀನು ಭಾಗ ಆಗುವಾಗ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುತ್ತೀರಲ್ಲ, ಆಗ ನಿಮ್ಮ ತಮ್ಮನ ಕೆಳಗೆ ಮಗಳ ಹೆಸರನ್ನು ತಪ್ಪದೆ ಬರೆಸಿ. ದತ್ತು ಆದೇಶದ ದೃಢೀಕೃತ ಪ್ರತಿಯೊಂದು ಕೋಲಾರದ ಮನೆಯಲ್ಲೂ ಇರಲಿ, ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಕೇಳಿದಾಗ ನ್ಯೂಜೆರ್ಸಿಯಿಂದ ತರಿಸುವುದಕ್ಕೆ ಆಗುವುದಿಲ್ಲ.